ಕಾವಲು, ಚೆಕ್‌ರೋಲು ಮತ್ತು ನನ್ನ ಲ್ಯಾಪ್‌ಟಾಪು

ಇಲ್ಲಿ ಏನಾದರೂ ಬರೆದು ತುಂಬಾ ದಿನ ಆಯ್ತು. ಕೆಲಸ ಜಾಸ್ತಿ ಅಂತ ನೆಪ ಹೇಳಬಹುದು, ನಿಜ ಹೇಳಬೇಕಂದ್ರೆ ಸೋಮಾರಿತನ :) ಹೋದ ತಿಂಗಳು ಊರಿಗೆ ಹೋದಾಗ ಅಟ್ಟದ ಮೇಲಿದ್ದ ಅಜ್ಜನ ಟ್ರಂಕನ್ನು ಕೆಳಗಿಳಿಸಿದೆವು. ಅದರೊಳಗೆ ಸಿಕ್ಕ ಒಂದು ಪುಟ್ಟ ನೋಟ್‌ಬುಕ್ಕು ತಲೆಯಲ್ಲಿ ಕೂತುಬಿಟ್ಟಿದೆ. ಅದರ ವಿಷಯ ಕೊನೆಗೆ ಹೇಳ್ತೀನಿ, ಮೊದಲು 2020ರ ಕಥೆ.

ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಬೇಕು ಅನ್ನೋ ಹೊತ್ತಿಗೆ ಸರಿಯಾಗಿ ಲಾಕ್‌ಡೌನ್. ಕಂಪನಿಯವರು ಲ್ಯಾಪ್‌ಟಾಪನ್ನು ಕೊರಿಯರ್‌ನಲ್ಲಿ ಕಡೂರಿಗೇ ಕಳಿಸಿದರು. ಹಾಗಾಗಿ ನಾನು ಆಫೀಸು ನೋಡೋ ಮೊದಲೇ ಆಫೀಸು ನಮ್ಮ ಮನೆ ನೋಡಿತು. ಅದರಲ್ಲೊಂದು ಸಾಫ್ಟ್‌ವೇರ್ ಹಾಕಿಯೇ ಕಳಿಸಿದ್ದರು. ಹತ್ತು ನಿಮಿಷಕ್ಕೊಮ್ಮೆ ಸ್ಕ್ರೀನಿನ ಚಿತ್ರ ತೆಗೆಯುತ್ತೆ, ಕೀಬೋರ್ಡು ಮೌಸು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹೆಸರಿನ ಪಕ್ಕದ ಹಸಿರು ಚುಕ್ಕಿ ಹಳದಿಗೆ ತಿರುಗುತ್ತೆ. ನನ್ನ ಗೆಳೆಯನೊಬ್ಬ ಮೌಸಿಗೆ ದಾರ ಕಟ್ಟಿ ಟೇಬಲ್ ಫ್ಯಾನಿಗೆ ಸಿಕ್ಕಿಸಿ ನಿದ್ದೆ ಹೊಡೀತಿದ್ದ. ನನಗೆ ಅಷ್ಟು ಧೈರ್ಯ ಇರಲಿಲ್ಲ. ಬಲಗೈಯಲ್ಲಿ ಮುದ್ದೆ ಮುರಿಯುತ್ತಾ ಎಡಗೈಯಲ್ಲಿ ಮೌಸ್ ಅಲ್ಲಾಡಿಸ್ತಿದ್ದೆ.

ಎದುರಿಗೆ ಕೂತಿದ್ದ ಅಜ್ಜ ಎರಡು ದಿನ ನೋಡಿ ಮೂರನೇ ದಿನ ಕೇಳಿದರು.

"ಯಾಕೋ ಅದನ್ನ ಸುಮ್ಸುಮ್ನೆ ಅಲ್ಲಾಡಿಸ್ತೀಯ?"

"ಅಲ್ಲಾಡಿಸದೇ ಇದ್ರೆ ಕೆಲ್ಸ ಮಾಡ್ತಿಲ್ಲ ಅಂತ ಬರ್ಕೊಳ್ಳುತ್ತೆ ಅಜ್ಜ."

"ಯಾರು ಬರ್ಕೊಳ್ಳೋರು?"

"ಯಾರೂ ಇಲ್ಲ, ಸಾಫ್ಟ್‌ವೇರೇ."

ಅಜ್ಜ ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಅವರು ಆಶ್ಚರ್ಯವನ್ನೂ ಪಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ದು ಒಂದೇ ಮಾತು. "ಬರ್ಕೊಳ್ಳಲಿ ಬಿಡು. ಬಟವಾಡೆ ದಿನ ಆ ಲೆಕ್ಕ ನಿಂಗೆ ತೋರಿಸ್ತಾರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಪ್ರಶ್ನೆ ಕೇಳೋ ಹಕ್ಕು ಅಜ್ಜನಿಗಿತ್ತು. ಅವರು ತರೀಕೆರೆ ತಾಲೂಕಿನ ಲಿಂಗದಹಳ್ಳಿಯಿಂದ ಮೇಲಕ್ಕೆ, ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿದ್ದ ಒಂದು ಕಾಫಿ ತೋಟದಲ್ಲಿ ರೈಟರು. ಅಂದ್ರೆ ಬರ್ಕೊಳ್ಳೋರೇ ಅವರು. ಬೆಳಿಗ್ಗೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಮೇಸ್ತ್ರಿ ಹೆಸರು ಕೂಗುತ್ತಾನೆ, ರೈಟರು ಚೆಕ್‌ರೋಲಿನಲ್ಲಿ ಹಾಜರಿ ಗುರುತು ಹಾಕುತ್ತಾರೆ. ತಡವಾಗಿ ಬಂದರೆ ಅರ್ಧ ದಿನ, ಮಧ್ಯಾಹ್ನ ಹೊರಟು ಹೋದರೆ ಅರ್ಧ ದಿನ. ಹಣ್ಣು ಕುಯ್ಯೋ ಕಾಲದಲ್ಲಿ ತೂಕದ ಲೆಕ್ಕ ಬೇರೆ. ಬಟವಾಡೆ ದಿನ ಟೇಬಲ್ಲು ಹಾಕಿ, ಚೆಕ್‌ರೋಲು ಬಿಚ್ಚಿ, ಒಬ್ಬೊಬ್ಬರ ಹೆಸರಿನ ಮುಂದಿನ ದಿನಗಳನ್ನು ಜೋರಾಗಿ ಓದಿ ದುಡ್ಡು ಎಣಿಸಿ ಕೊಡೋದು.

ಓದು ಬಾರದ ಹೆಂಗಸರು ಇದನ್ನೆಲ್ಲ ನಂಬಿ ಸುಮ್ಮನೆ ಕೂರುತ್ತಿರಲಿಲ್ಲವಂತೆ. ಲೈನು ಮನೆಯ ಗೋಡೆಯ ಮೇಲೆ ದಿನಕ್ಕೊಂದು ಇದ್ದಿಲ ಗೆರೆ ಎಳೆಯೋರು. ಅರ್ಧ ದಿನಕ್ಕೆ ಮೋಟು ಗೆರೆ. ಒಂದು ಬಟವಾಡೆಯಲ್ಲಿ ಅಜ್ಜ ಇಪ್ಪತ್ತೆರಡು ಅಂತ ಓದಿದಾಗ ಒಬ್ಬ ಹೆಂಗಸು "ಇಪ್ಪತ್ಮೂರು ಸ್ವಾಮಿ" ಅಂತ ಕೈ ಚಾಚಿಕೊಂಡೇ ನಿಂತುಬಿಟ್ಟಳಂತೆ. ಮೇಸ್ತ್ರಿ ಗದರಿದ. ಅವಳು ಜಗ್ಗಲಿಲ್ಲ, ಬಂದು ಗೋಡೆ ನೋಡಿ ಅಂದಳು. ಅಜ್ಜ ಎದ್ದು ಹೋಗಿ ಗೋಡೆ ನೋಡಿ, ವಾಪಸ್ ಬಂದು ಚೆಕ್‌ರೋಲು ತಿರುವಿದರೆ, ಅದೇ ಹೆಸರಿನ ಇನ್ನೊಬ್ಬಳ ಮುಂದೆ ಒಂದು ದಿನ ತಪ್ಪಿ ಬಿದ್ದಿತ್ತು. ಈ ಕಥೆಯನ್ನು ಅಜ್ಜ ನೂರು ಸಲ ಹೇಳಿರಬಹುದು. ಪ್ರತಿ ಸಲವೂ ತಾನು ಸೋತ ಕಥೆ ಅಂತಲೇ ಹೇಳ್ತಿದ್ದರು, ಆದ್ರೆ ಹೇಳುವಾಗ ಮುಖದಲ್ಲಿ ಖುಷಿ ಇರ್ತಿತ್ತು.

ಹಾಗಂತ ತೋಟದ ಬದುಕು ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಲೈನು ಮನೆ ಮಾಲೀಕರದ್ದು, ಸುತ್ತಲಿನ ಬೇಲಿ ಮಾಲೀಕರದ್ದು. ಯಾರ ಮನೆಗೆ ಯಾವ ನೆಂಟರು ಬಂದರು, ಯಾರು ರಾತ್ರಿ ಎಲ್ಲಿಗೆ ಹೋದರು ಅನ್ನೋದೆಲ್ಲ ಬೆಳಿಗ್ಗೆ ಮೇಸ್ತ್ರಿ ಮೂಲಕ ಬಂಗಲೆಗೆ ತಲುಪೋದು. ಕೆಲಸದ ಜಾಗವೂ ಮನೆಯೂ ಒಂದೇ ಆದರೆ ಕಾವಲಿಗೆ ಸಂಜೆ ಐದು ಗಂಟೆ ಅನ್ನೋದು ಇರಲ್ಲ. 2020ರಲ್ಲಿ ನಮಗೆಲ್ಲ ಹೊಸದು ಅನಿಸಿದ ವರ್ಕ್ ಫ್ರಂ ಹೋಮ್ ಲೈನು ಮನೆಯವರಿಗೆ ತಲೆಮಾರುಗಳಿಂದ ಗೊತ್ತಿತ್ತು.

ಕಾವಲು ಅಂದೆನಲ್ಲ, ಈ ಪದದ ಹಿಂದೆ ಸ್ವಲ್ಪ ಅಲೆದೆ. ಬೀರೂರಿನಿಂದ ಚಿಕ್ಕಜಾಜೂರು ಕಡೆ ರೈಲಿನಲ್ಲಿ ಹೋದವರಿಗೆ ಅಜ್ಜಂಪುರ ಗೊತ್ತಿರುತ್ತೆ. (ಮೊದಲು ತರೀಕೆರೆ ತಾಲೂಕಿನ ಹೋಬಳಿ, ಈಗ ಬೇರೆ ತಾಲೂಕು.) ಅಲ್ಲಿ ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರ ಇದೆ. ನಮ್ಮ ಕಡೆ ಕಾವಲು ಅಂದ್ರೆ ಕಾಯೋದು ಅಂತಲೂ ಹೌದು, ಈ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು ಅಂತಲೂ ಹೌದು. ಕಾಯೋ ಜಾಗಕ್ಕೂ ಕಾಯೋ ಕೆಲಸಕ್ಕೂ ಒಂದೇ ಹೆಸರು!

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673-1704) ಇದಕ್ಕೆ ಬೆಣ್ಣೆ ಚಾವಡಿ ಅಂತ ಹೆಸರು. ಅರಮನೆಗೆ ಹಾಲು ಬೆಣ್ಣೆ ಒದಗಿಸೋ ಇಲಾಖೆ. ಹೈದರ್ ಅಲಿ ಕೈಗೆ ಬಂದ ಮೇಲೆ ಅದೇ ದನಗಳು ಫಿರಂಗಿ ಎಳೆಯೋಕೆ ಶುರು ಮಾಡಿದವು. ಚಿದಂಬರಂ ನೆರವಿಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ಹೋಗಿದ್ದು ಈ ಎತ್ತುಗಳಿಂದಲೇ ಅಂತ ಲೂಯಿ ರೈಸ್ ಗೆಜೆಟಿಯರಿನಲ್ಲಿ ಬರೆದಿದ್ದಾನೆ. ಟಿಪ್ಪು ಹೆಸರನ್ನು ಅಮೃತಮಹಲ್ ಅಂತ ಬದಲಿಸಿ, ಇಲಾಖೆ ಹೇಗೆ ನಡೀಬೇಕು ಅಂತ ಒಂದು ಹುಕುಂನಾಮೆ ಹೊರಡಿಸಿದ. ವರ್ಷಕ್ಕೊಮ್ಮೆ ಮಂದೆಗಳ ಎಣಿಕೆ. ಆ ಎಣಿಕೆಗೆ ಸುಲ್ತಾನ ಖುದ್ದಾಗಿ ಹೋಗಿ, ಚೆನ್ನಾಗಿ ನೋಡಿಕೊಂಡವರಿಗೆ ಇನಾಮು ಹಂಚುತ್ತಿದ್ದನಂತೆ. 1799ರ ನಂತರವೂ ಇಂಗ್ಲಿಷ್ ಅಧಿಕಾರಿಗಳು ಅದೇ ಹುಕುಂನಾಮೆಯನ್ನು ಇಟ್ಟುಕೊಂಡೇ ಇಲಾಖೆ ನಡೆಸಿದರು. ನಡುವೆ 1860ರಲ್ಲಿ ಖರ್ಚು ಜಾಸ್ತಿ ಅಂತ ಮಂದೆಗಳನ್ನೇ ಮಾರಿಹಾಕಿ, ಆಮೇಲೆ ಬುದ್ಧಿ ಬಂದು 1866ರಲ್ಲಿ ಮತ್ತೆ ಶುರು ಮಾಡಿದ್ದೂ ಉಂಟು. ಸರ್ಕಾರಗಳು ಆಗಲೂ ಹೀಗೇ ಇದ್ದವು ನೋಡಿ.

ಇಲ್ಲಿ ಗಮನಿಸಬೇಕಾದ ವಿಷಯ ಅಂದ್ರೆ, ಎಣಿಸುತ್ತಿದ್ದದ್ದು ದನವನ್ನು. ಅಳೆಯುತ್ತಿದ್ದದ್ದು ಮಾತ್ರ ದನ ಕಾಯುವವನನ್ನು. ಕಾವಲಿನಲ್ಲಿ ಅವನು ಮಧ್ಯಾಹ್ನ ಮಲಗಿದನೋ, ಹಾಡಿಕೊಂಡನೋ ಯಾರಿಗೂ ಬೇಕಿರಲಿಲ್ಲ. ವರ್ಷದ ಕೊನೆಗೆ ಕರು ಎಷ್ಟು, ಹೋರಿ ಎಷ್ಟು, ಸತ್ತದ್ದೆಷ್ಟು, ಅಷ್ಟೇ. ಲೆಕ್ಕ ನಡೀತಿದ್ದದ್ದು ಬಯಲಿನಲ್ಲಿ, ಎಲ್ಲರ ಕಣ್ಣೆದುರಿಗೆ. ಎಣಿಸೋ ಅಧಿಕಾರಿಗೆ ಕಾಣಿಸೋ ದನ ಕಾಯುವವನಿಗೂ ಕಾಣಿಸುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಔಟ್‌ಪುಟ್ ನೋಡ್ತಿದ್ದರು, ಮೌಸ್ ನೋಡ್ತಿರಲಿಲ್ಲ :)

ಕಾಫಿ ತೋಟ ಬಂದ ಮೇಲೆ ಎಣಿಕೆ ಮನುಷ್ಯನ ದಿನದ ಮೇಲೆ ಬಂತು. ಸುಮಾರು 1830ರಲ್ಲಿ ಕ್ಯಾನನ್ ಅನ್ನೋ ಯೂರೋಪಿಯನ್ ಬಾಬಾಬುಡನ್‌ಗಿರಿಯ ದಕ್ಷಿಣಕ್ಕೆ ತೋಟ ಹಾಕಿದ. ಆಮೇಲೆ ಒಬ್ಬರ ಹಿಂದೊಬ್ಬರು ಬಂದರು. ಆಗ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ, ಕೇಂದ್ರ 1865ರಲ್ಲಿ ಚಿಕ್ಕಮಗಳೂರಿಗೆ ಹೋದರೂ ಹೆಸರು ಬದಲಾಗಿದ್ದು 1947ರಲ್ಲಿ. ಆಳುಗಳು ಘಟ್ಟದ ಕೆಳಗಿಂದಲೂ ಬಯಲುಸೀಮೆಯಿಂದಲೂ ಬರಬೇಕು, ಕರೆತರೋಕೆ ಮೇಸ್ತ್ರಿಗೆ ಮುಂಗಡ ಕೊಡಬೇಕು. ಮುಂಗಡ ಕೊಟ್ಟ ಮೇಲೆ ಆಳು ಓಡಿಹೋಗದ ಹಾಗೆ ನೋಡಬೇಕಲ್ಲ, ಅದಕ್ಕೆ ಬ್ರಿಟಿಷರು 1859ರಲ್ಲಿ 13ನೇ ಕಾಯ್ದೆ ಮಾಡಿದರು. ಮುಂಗಡ ತಗೊಂಡು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ, ದುಡ್ಡು ವಾಪಸ್ ಕೊಡು ಇಲ್ಲಾ ಕೆಲಸ ಮಾಡು ಅನ್ನೋದು, ಎರಡೂ ಮಾಡದಿದ್ದರೆ ಮೂರು ತಿಂಗಳವರೆಗೆ ಜೈಲು. ಮನೆ ಸಾಲ ಬಾಕಿ ಇರೋವಾಗ ನೋಟಿಸ್ ಪೀರಿಯಡ್ ಬಗ್ಗೆ ಗೊಣಗೋ ನಾವು ಇದನ್ನು ಒಮ್ಮೆ ನೆನೆಸಿಕೊಳ್ಳಬಹುದು. ಆ ಕಾಯ್ದೆ ರದ್ದಾಗಿದ್ದು 1925ರಲ್ಲಿ. ಪಕ್ಕದ ಕೊಡಗಿನ ತೋಟಗಾರರು ಅದು ಹೋದ ಬೆನ್ನಿಗೇ 1926ರಲ್ಲಿ ತಮ್ಮದೇ ಇನ್ನೊಂದು ಕಾಯ್ದೆ ಮಾಡಿಸಿಕೊಂಡರು.

ಎಣಿಕೆ ದಿನದಿಂದ ಮೈಮೇಲೆ ಬಂದ ಕಥೆಗೆ ನಮ್ಮ ಜಿಲ್ಲೆ ಬಿಟ್ಟು ಕೋಲಾರಕ್ಕೆ ಹೋಗಬೇಕು. ಕೆಜಿಎಫ್ ಚಿನ್ನದ ಗಣಿಯಲ್ಲಿ ಕದಿಯೋ ಭಯ ಮಾಲೀಕರಿಗೆ ಯಾವಾಗಲೂ ಇದ್ದದ್ದೇ. 1930ರಲ್ಲಿ ಕಂಪನಿಗಳು ಹೊಸ ನೋಂದಣಿ ತಂದವು. ಪ್ರತಿಯೊಬ್ಬ ಕಾರ್ಮಿಕನೂ ಬೆರಳಚ್ಚು ಕೊಡಬೇಕು. ಕಾರ್ಮಿಕರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತರು, ಯೂನಿಯನ್ ಇನ್ನೂ ಇರಲಿಲ್ಲ. ಆದರೂ ಸಾವಿರಾರು ಜನ ಗಣಿಗೆ ಇಳಿಯದೆ ವಾರಗಟ್ಟಲೆ ಮುಷ್ಕರ ಹೂಡಿದರು. ಕೊನೆಗೆ ಕಂಪನಿಗಳೇ ಬೆರಳಚ್ಚು ಕೈಬಿಟ್ಟವು. ಜಾನಕಿ ನಾಯರ್ ಅವರು ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ 1998ರಲ್ಲಿ ಬರೆದ ಪುಸ್ತಕದಲ್ಲಿ ಈ ಮುಷ್ಕರದ ವಿಷಯ ಇದೆ, ಸಿಕ್ಕರೆ ಖಂಡಿತ ಓದಿ.

ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಆಫೀಸಿನಲ್ಲಿ ಬೆರಳು ಒತ್ತೋ ಮೆಷಿನ್ ಬಂದಾಗ ನಾವು ಮಾಡಿದ ಒಂದೇ ಗಲಾಟೆ ಕ್ಯೂ ಉದ್ದ ಆಯ್ತು ಅಂತ. ಬೆರಳಚ್ಚು ಅಂದ್ರೆ ಕಳ್ಳರ ಪಟ್ಟಿ ಅನ್ನೋ ಅವಮಾನ ಕೆಜಿಎಫ್‌ನವರಿಗೆ ಗೊತ್ತಾಗಿತ್ತು, ಡಿಗ್ರಿ ಇಟ್ಟುಕೊಂಡ ನಮಗೆ ಗೊತ್ತಾಗಲಿಲ್ಲ. ಇನ್ನೊಂದು ತಮಾಷೆ ಅಂದ್ರೆ ಈ ಬೆರಳಚ್ಚಿನ ಕಥೆ ಶುರುವಾಗಿದ್ದು ಪೊಲೀಸ್ ಠಾಣೆಯಲ್ಲಲ್ಲ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷಲ್ ಅನ್ನೋ ಅಧಿಕಾರಿ ರಸ್ತೆ ಸಾಮಾನು ಒದಗಿಸೋ ರಾಜ್ಯಧರ್ ಕೊನಾಯ್ ಅನ್ನೋ ಗುತ್ತಿಗೆದಾರನ ಕೈಯಚ್ಚನ್ನು ಕರಾರು ಪತ್ರದ ಮೇಲೆ ತಗೊಂಡ. ನಾಳೆ ಮಾತು ತಪ್ಪಬಾರದು ಅಂತ. ಹಾಗೇನೇ ಎಲ್ಲರೂ ಜೈಲು ಅಂತ ಹೇಳೋ ಬೆಂಥಾಮ್‌ನ ಪನಾಪ್ಟಿಕಾನ್ ಕೂಡ ಮೊದಲು ಹುಟ್ಟಿದ್ದು ರಷ್ಯಾದಲ್ಲಿ ಅವನ ತಮ್ಮ ಸ್ಯಾಮ್ಯುಯೆಲ್ ಕೆಲಸಗಾರರ ಮೇಲೆ ಕಣ್ಣಿಡೋಕೆ ಯೋಚಿಸಿದ ವರ್ಕ್‌ಶಾಪಿನಲ್ಲಿ.

ಇನ್ನು ವಾಪಸ್ ನಮ್ಮೂರಿಗೆ. ಕಡೂರು ಬಯಲು ಮಳೆ ಕಮ್ಮಿ ಇರೋ ಸೀಮೆ, ತೆಂಗು ಒಣಗಿದ ವರ್ಷಗಳಲ್ಲಿ ಉದ್ಯೋಗ ಖಾತ್ರಿಯ ಕೆರೆ ಹೂಳು, ಬದು ಕೆಲಸವೇ ಎಷ್ಟೋ ಮನೆಗೆ ಆಧಾರ ಆಗಿತ್ತು. ಚಿಕ್ಕಮಗಳೂರು ಜಿಲ್ಲೆಗೆ ಈ ಯೋಜನೆ ಬಂದಿದ್ದು ಎರಡನೇ ಹಂತದಲ್ಲಿ, 2007ರಲ್ಲಿ. ಈ ಕಾಯ್ದೆಯ ಹಿಂದೆ ಒಂದು ಇದ್ದಿಲ ಗೆರೆಯ ಕಥೆಯೇ ಇದೆ. 1994ರಲ್ಲಿ ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಊರ ನಡುವೆ ಮಸ್ಟರ್ ರೋಲನ್ನು ಜೋರಾಗಿ ಓದಿಸೋಕೆ ಶುರು ಮಾಡಿದರು. ಸತ್ತವರ ಹೆಸರಿಗೂ, ಊರು ಬಿಟ್ಟವರ ಹೆಸರಿಗೂ ಕೂಲಿ ಬರೆದಿದ್ದು ಜನರ ಮುಂದೆ ಬಯಲಾಯ್ತು. ಲೆಕ್ಕ ನಮ್ಮದು, ನಮಗೆ ತೋರಿಸಿ ಅನ್ನೋ ಆ ಕೂಗಿನಿಂದಲೇ ಮುಂದೆ ಮಾಹಿತಿ ಹಕ್ಕು ಬಂತು, 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಸಾಮಾಜಿಕ ಪರಿಶೋಧನೆ ಬಂತು. ಜಾಬ್ ಕಾರ್ಡು ಕೆಲಸಗಾರರ ಕೈಯಲ್ಲೇ ಇರಬೇಕು, ಕೆಲಸದ ದಿನಗಳು ಅದರಲ್ಲಿ ಬರೆದಿರಬೇಕು ಅನ್ನೋ ನಿಯಮ ಬಂತು. ಗೋಡೆಯ ಮೇಲಿನ ಗೆರೆಗೆ ಸರ್ಕಾರದ ಸೀಲು ಬಿದ್ದ ಹಾಗೆ.

ಆಮೇಲೆ ಕ್ಯಾಮೆರಾ ತಿರುಗಿತು. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಎನ್‌ಎಂಎಂಎಸ್ ಅನ್ನೋ ಆಪ್ ತಂದಿತು, 2023ರ ಜನವರಿಯಿಂದ ಸಾಮೂಹಿಕ ಕಾಮಗಾರಿಗಳಿಗೆಲ್ಲ ಕಡ್ಡಾಯ ಮಾಡಿತು. ದಿನಕ್ಕೆರಡು ಸಲ ಕೂಲಿಯವರನ್ನು ನಿಲ್ಲಿಸಿ, ಜಾಗದ ಗುರುತು ಸಮೇತ ಫೋಟೋ ತೆಗೆದು ಏರಿಸಬೇಕು. ಫೋಟೋ ತೆಗೆಯೋರು ನಮ್ಮಲ್ಲಿ ಕಾಯಕ ಬಂಧು, ಅವರೂ ಕೂಲಿಯವರೇ. ಬೆಳಿಗ್ಗೆಯ ಪಾಲಿನ ಕೆಲಸ ಮುಗಿಸಿದವರೂ ಮಧ್ಯಾಹ್ನದ ಫೋಟೋಗೆ ಕಾಯಬೇಕು. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಫೋಟೋ ಏರದಿದ್ದರೆ ಬಿಸಿಲಲ್ಲಿ ಮಣ್ಣು ಹೊತ್ತಿದ್ದಕ್ಕೆ ಸಾಕ್ಷಿಯೇ ಇಲ್ಲ. ಕಳ್ಳ ಲೆಕ್ಕ ನಿಂತಿತಾ ಅಂದ್ರೆ ಅದೂ ಇಲ್ಲ. 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವೇ ಇಲ್ಲದ ಫೋಟೋ ಹಾಕ್ತಾರೆ, ಫೋಟೋದ ಫೋಟೋ ತೆಗೆದು ಹಾಕ್ತಾರೆ ಅಂತೆಲ್ಲ ಪಟ್ಟಿ ಕೊಟ್ಟು, ಪಂಚಾಯಿತಿಗಳಲ್ಲಿ ಕೂತು ಎಲ್ಲ ಫೋಟೋಗಳನ್ನೂ ಕಣ್ಣಲ್ಲೇ ಪರೀಕ್ಷಿಸಿ ಅಂತು. ಆಪ್ ಕಾಯೋಕೆ ಮತ್ತೆ ಮನುಷ್ಯರು! ಟೇಬಲ್ ಫ್ಯಾನಿಗೆ ಮೌಸ್ ಕಟ್ಟಿದ ನನ್ನ ಗೆಳೆಯ ನೆನಪಾದ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಹಳೇ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆಯನ್ನೇ ಪಾಸು ಮಾಡಿತು.

ಕೋರ್ಟು ಕಾನೂನಿನ ಮಾತು ಚಿಕ್ಕದಾಗಿ ಹೇಳಿಬಿಡ್ತೀನಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ. (2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.) ಅದಾದ ಹನ್ನೆರಡೇ ದಿನಕ್ಕೆ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ರೊಮೇನಿಯಾದ ಬರ್ಬುಲೆಸ್ಕು ಅನ್ನೋ ಇಂಜಿನಿಯರ್ ಪರ ತೀರ್ಪು ಕೊಟ್ಟಿತು. ಅವರ ಯಾಹೂ ಮೆಸೆಂಜರ್ ಮಾತುಗಳನ್ನು ಕಂಪನಿ ಓದಿ ಕೆಲಸದಿಂದ ತೆಗೆದಿತ್ತು. ಏನನ್ನು, ಎಷ್ಟರ ಮಟ್ಟಿಗೆ ನೋಡ್ತೀವಿ ಅಂತ ಮೊದಲೇ ಹೇಳದೆ ಹಾಗೆ ನೋಡೋ ಹಾಗಿಲ್ಲ ಅನ್ನೋದು ಆ ತೀರ್ಪಿನ ಒಂದು ಮುಖ್ಯ ಅಂಶ. ನಮ್ಮಲ್ಲಿ 2023ರ ಡೇಟಾ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್ ನೋಡಿ. ಉದ್ಯೋಗದ ಉದ್ದೇಶಕ್ಕೆ, ಮಾಲೀಕರಿಗೆ ನಷ್ಟ ಆಗದಂತೆ ತಡೆಯೋಕೆ ಅಂದ್ರೆ ನೌಕರರ ಒಪ್ಪಿಗೆ ಬೇಕಿಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸರ್ಕಾರದ ವಿರುದ್ಧ ಪುಟ್ಟಸ್ವಾಮಿಯವರು ಗೆದ್ದ ಹಕ್ಕು ಆಫೀಸಿನ ಗೇಟಿನಲ್ಲಿ ಬ್ಯಾಡ್ಜ್ ಸ್ವೈಪ್ ಮಾಡೋವಾಗ ಹೊರಗೇ ಉಳಿದಂಗಿದೆ.

ಇಷ್ಟೆಲ್ಲ ಇತಿಹಾಸ ಹೇಳಿ ನನ್ನ ಪಾಲಿಂದು ಮುಚ್ಚಿಟ್ಟರೆ ತಪ್ಪಾಗುತ್ತೆ. ಎರಡನೇ ಕಂಪನಿಯಲ್ಲಿ, ಎಲ್ಲರೂ ಆಫೀಸಿಗೆ ಬರಬೇಕು ಅಂತ ಆದಾಗ, ಗೇಟಿನ ಸ್ವೈಪನ್ನೂ ಲ್ಯಾಪ್‌ಟಾಪಿನ ಹಸಿರು ಚುಕ್ಕಿಯನ್ನೂ ಸೇರಿಸಿ ಒಂದು ರಿಪೋರ್ಟ್ ಬೇಕು ಅಂದರು. ಬರೆದವನು ನಾನು. ಅದರಲ್ಲಿ "ಸೀಟಿನಲ್ಲಿ ಇಲ್ಲದ ನಿಮಿಷ" ಅಂತ ಒಂದು ಕಾಲಂ. ಕ್ವೆರಿ ಚೆನ್ನಾಗಿ ಓಡ್ತು, ಮೆಚ್ಚುಗೆಯ ಮೇಲ್ ಕೂಡ ಬಂತು. ಮೂರನೇ ವಾರ ಒಂದು ಮೀಟಿಂಗಿನಲ್ಲಿ ಮ್ಯಾನೇಜರ್ ಆ ರಿಪೋರ್ಟನ್ನು ಪರದೆ ಮೇಲೆ ಹಾಕಿ, ನಮ್ಮ ಟೀಮಿನ ಒಬ್ಬರನ್ನು ದಿನಾ ಮಧ್ಯಾಹ್ನ ನಲವತ್ತು ನಿಮಿಷ ಎಲ್ಲಿರ್ತೀರ ಅಂತ ಕೇಳಿದರು. ಅವರು ಹೆರಿಗೆ ರಜೆ ಮುಗಿಸಿ ಬಂದು ಎರಡು ತಿಂಗಳಾಗಿತ್ತು. ಮಗುವಿಗೆ ಹಾಲು ತೆಗೆದಿಡೋಕೆ ಹೋಗ್ತಿದ್ದರು. ಹನ್ನೊಂದು ಜನರ ಮುಂದೆ ಅದನ್ನು ಬಾಯಿಬಿಟ್ಟು ಹೇಳಬೇಕಾಯ್ತು. ಆ ಕಾಲಂ ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದು ನನಗೆ. ನಾನು ನನ್ನ ಲ್ಯಾಪ್‌ಟಾಪ್ ನೋಡ್ತಾ ಕೂತಿದ್ದೆ.

ಅವತ್ತು ಸಂಜೆ ಒಂದು ಟಿಕೆಟ್ ಹಾಕಿದೆ. ಪ್ರತಿಯೊಬ್ಬರಿಗೂ ಅವರವರ ಸಾಲು ಕಾಣಬೇಕು, ಪಕ್ಕದಲ್ಲಿ ತಮ್ಮ ಮಾತು ಬರೆಯೋಕೆ ಒಂದು ಖಾಲಿ ಕಾಲಂ ಇರಬೇಕು. ಎರಡು ದಿನದ ಕೆಲಸ ಅಷ್ಟೇ. ಅವರ ಹತ್ತಿರ ಕ್ಷಮೆ ಕೇಳೋಕೆ ಇನ್ನೂ ನಾಲ್ಕು ದಿನ ಬೇಕಾಯ್ತು. ಅವರು "ನೀನೇನ್ ಮಾಡಕ್ಕಾಗತ್ತೆ ಬಿಡೋ" ಅಂದರು. ಅದೇ ವರ್ಷ ಕೆಲಸವನ್ನೂ ಬಿಟ್ಟರು.

ಈಗ ಟ್ರಂಕಿನ ನೋಟ್‌ಬುಕ್ಕು. ಅಜ್ಜ ಹೋಗಿ ಎರಡು ವರ್ಷ ಆಯ್ತು. ತೋಟದ ಹಳೇ ಲೆಕ್ಕ ಇರಬಹುದು ಅಂತ ತೆರೆದರೆ, ಆಳುಗಳ ಹೆಸರು ಒಂದೂ ಇಲ್ಲ. ತಿಂಗಳಿಗೊಂದು ಪುಟ, ಪ್ರತಿ ಪುಟದಲ್ಲೂ ಪೆನ್ಸಿಲ್ಲಿನ ಸಣ್ಣ ಗೆರೆಗಳು, ಕೆಳಗೆ ಮೊತ್ತ. 26. 25. 26. ಜ್ವರ ಬಂದ ವಾರ ಖಾಲಿ. ಕೆಲವು ಕಡೆ ಮೋಟು ಗೆರೆ. ಅಷ್ಟು ವರ್ಷ ಎಲ್ಲರ ಹಾಜರಿ ಬರೆದ ರೈಟರು ತನ್ನ ಹಾಜರಿಯನ್ನು ಬೇರೆಯಾಗಿ, ಮನೆಯಲ್ಲಿ, ಯಾರಿಗೂ ಹೇಳದೆ ಬರೆದಿಟ್ಟುಕೊಂಡಿದ್ದರು. ಅಜ್ಜಿಯನ್ನು ಕೇಳಿದೆ. "ದೊರೆ ಬರೆದ ಲೆಕ್ಕ ದೊರೆ ಹತ್ರ ಇರ್ತದಲ್ಲಪ್ಪ" ಅಂದರು, ಅವರೆಕಾಯಿ ಸುಲೀತಾ.

ನೋಟ್‌ಬುಕ್ಕನ್ನು ಬೆಂಗಳೂರಿಗೆ ತಂದು ಮಾನಿಟರ್ ಪಕ್ಕ ಇಟ್ಟುಕೊಂಡಿದ್ದೀನಿ. ಆ ಟಿಕೆಟ್ ಇನ್ನೂ ಬ್ಯಾಕ್‌ಲಾಗ್‌ನಲ್ಲೇ ಇದೆ. ಹೋದ ವಾರ ಯಾರೋ ಅದರ ಪ್ರಯಾರಿಟಿಯನ್ನು ಇನ್ನೊಂದು ಮೆಟ್ಟಿಲು ಕೆಳಗಿಳಿಸಿದರು ಅಂತ ಮೇಲ್ ಬಂತು.